ಕಲ್ಲು ಕೊಯ್ಯುವ ಮಷೀನು, ದನಿ ಇಳಿಸುವ ಜನರೇಟರ್

ನಮ್ಮ ಭಂಕೂರ ಕಡೆ ಫರಸಿ ಕಲ್ಲಿನ ಕೆಲಸ ಜಾಸ್ತಿ. ಅಪ್ಪ ಒಂದು ಪಾಲಿಶ್ ಘಟಕದಲ್ಲಿ ಕಟಿಂಗ್ ಮಷೀನ್ ನಡೆಸ್ತಾರೆ. ಕರೆಂಟ್ ಹೋದರೆ ಡೀಸೆಲ್ ಜನರೇಟರ್. ಮೋಟರ್ ಚಾಲೂ ಆದ ಕ್ಷಣ ಬಲ್ಬ್ ಮಂಕಾಗುತ್ತೆ, ಜನರೇಟರ್ ದನಿ ಇಳಿಸಿ, ಕರಿ ಹೊಗೆ ಬಿಟ್ಟು, ಮತ್ತೆ ಸರಿಯಾಗುತ್ತೆ.

ಮಷೀನ್ಸ್ ಪಾಠ ಕೇಳಿದ ಮೇಲೆ ಆ ಎರಡು ಸೆಕೆಂಡು ಬಿಡಿಸಿ ನೋಡೋಕೆ ಬಂತು. ನಿಂತ ಇಂಡಕ್ಷನ್ ಮೋಟರ್ ನೇರವಾಗಿ ಶುರುವಾದರೆ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತೆ. ವೋಲ್ಟೇಜ್ ಕುಸಿಯುತ್ತೆ, ಎವಿಆರ್ ಫೀಲ್ಡ್ ಕರೆಂಟ್ ಏರಿಸಿ ಅದನ್ನು ಎತ್ತುತ್ತೆ. ಇಂಜಿನ್‌ದು ಬೇರೆ ಕಥೆ. ವೇಗ ಇಳಿದ ಮೇಲೇ ಗವರ್ನರ್ ಹೆಚ್ಚು ಡೀಸೆಲ್ ಬಿಡೋದು. ಅಲ್ಲಿವರೆಗೆ ಹೆಚ್ಚುವರಿ ಶಕ್ತಿ ತಿರುಗುತ್ತಿರುವ ಫ್ಲೈವೀಲು, ರೋಟರುಗಳಿಂದಲೇ ಬರಬೇಕು. 1500 ಆರ್‌ಪಿಎಂ ಇಳಿದರೆ 50 ಹರ್ಟ್ಸೂ ಇಳಿಯುತ್ತೆ. ಕರಿ ಹೊಗೆ ಅಂದ್ರೆ ಡೀಸೆಲ್ ಬಂತು, ತಕ್ಕಷ್ಟು ಗಾಳಿ ಇನ್ನೂ ಬಂದಿಲ್ಲ ಅಂತ.

ಅಪ್ಪನಿಗೆ ಇದೆಲ್ಲ ಕಿವಿಯಲ್ಲೇ ಗೊತ್ತು. ಕಲ್ಲನ್ನು ಬ್ಲೇಡಿಗೆ ಒಮ್ಮೆಲೇ ತಳ್ಳಲ್ಲ. "ಸಾವಕಾಶ ತಳ್ಳೋ, ದನಿ ಬೀಳ್ತದ ನೋಡು" ಅಂತ ಹೊಸ ಹುಡುಗರಿಗೆ ಹೇಳ್ತಾರೆ. ಬ್ಲೇಡ್ ಸಿಕ್ಕಿಬಿದ್ದು ಮೋಟರ್ ವೈಂಡಿಂಗ್ ಸುಟ್ಟರೆ, ರಿವೈಂಡಿಂಗ್ ಆಗೋವರೆಗೆ ಮಷೀನೂ ಬಂದ್, ಕೂಲಿಯೂ ಬಂದ್. ನಮ್ಮನೆಯಲ್ಲಿ ಆ ದಿನಗಳು ಬಹಳ ಉದ್ದ. (ಎಕ್ಸಾಮಲ್ಲಿ ಇದಕ್ಕೆ ಎರಡೇ ಮಾರ್ಕು, ಬಿಡಿ.)

ಲೋಡ್ ಹಠಾತ್ತನೆ ಇಳಿದರೂ ಕಷ್ಟವೇ, ಜನರೇಟರಿಗೂ, ಇಡೀ ಗ್ರಿಡ್ಡಿಗೂ. 2020ರ ಏಪ್ರಿಲ್ 5ರ ರಾತ್ರಿ 9ಕ್ಕೆ ದೇಶವೆಲ್ಲ ಒಂಬತ್ತು ನಿಮಿಷ ದೀಪ ಆರಿಸಿದಾಗ ಬೇಡಿಕೆ ಸುಮಾರು 31,000 ಮೆಗಾವ್ಯಾಟ್ ಕುಸಿಯಿತು; ಮುಖ್ಯವಾಗಿ ಜಲವಿದ್ಯುತ್ ಘಟಕಗಳನ್ನು ಬೇಗ ತಗ್ಗಿಸಿ, ಮತ್ತೆ ಏರಿಸಿ ನಿಭಾಯಿಸಿದರು. ಅಲ್ಲಿ ಹೊತ್ತು ಮೊದಲೇ ಗೊತ್ತಿತ್ತು. ಕಲ್ಲಿನೊಳಗೆ ಗಟ್ಟಿ ಜಾಗ ಎಲ್ಲಿದೆ ಅಂತ ಅಪ್ಪನಿಗೆ ಯಾರೂ ಮೊದಲೇ ಹೇಳಲ್ಲ.