ಹಸಿರು ದೀಪದ ಸುಳ್ಳು

ಸಿನಿಮಾ ಶೂಟಿಂಗ್ ನೋಡಿದವರಿಗೆಲ್ಲ ಕ್ಲಾಪ್ ಹಲಗೆ ಗೊತ್ತು. ಅದರ ಮೇಲೆ ಬರೆದ ಅಂಕಿಗಳಷ್ಟೇ ಅದು ಮಾಡುವ ‘ಟಪ್’ ಶಬ್ದವೂ ಮುಖ್ಯ ಎಂದು ನನಗೆ ತಿಳಿದದ್ದು 1989ರಲ್ಲಿ, ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಗ. ಫಿಲ್ಮ್ ಕ್ಯಾಮೆರಾಕ್ಕೆ ಕಣ್ಣಿದೆ, ಕಿವಿಯಿಲ್ಲ. ಚಿತ್ರ ಫಿಲ್ಮಿನ ಮೇಲೆ, ಧ್ವನಿ ಬೇರೆ ಟೇಪಿನ ಮೇಲೆ. ಹಲಗೆ ಬಡಿದ ಚಿತ್ರವನ್ನೂ ಬಡಿದ ಶಬ್ದವನ್ನೂ ಎಡಿಟಿಂಗ್ ಮೇಜಿನಲ್ಲಿ ಕೂಡಿಸಿದರೆ ಎರಡೂ ಒಟ್ಟಿಗೆ ಹೊರಡುತ್ತವೆ. ಆದರೆ ಒಟ್ಟಿಗೆ ಹೊರಟವು ಒಟ್ಟಿಗೇ ಊರು ಸೇರಬೇಕಲ್ಲ, ಕಷ್ಟ ಇರುವುದು ಅಲ್ಲಿ.

ನನ್ನ ಹಿರಿಯ ಗೆಳೆಯನೊಬ್ಬ ಮಲೆನಾಡಿನ ವೃದ್ಧ ಭಾಗವತರೊಬ್ಬರ ಮೇಲೆ ಸಾಕ್ಷ್ಯಚಿತ್ರ ತೆಗೆಯಲು ಹೊರಟಿದ್ದ. ನಮ್ಮ ಸಿನಿಮಾಗಳಲ್ಲಾದರೆ ಮಾತನ್ನು ಆಮೇಲೆ ಡಬ್ ಮಾಡುವುದೇ ಆಗಿನ ವಾಡಿಕೆ. ಭಾಗವತರನ್ನು ಡಬ್ಬಿಂಗ್ ಕೋಣೆಯಲ್ಲಿ ಕೂರಿಸಿ ‘ಮೊನ್ನೆ ಹಾಡಿದಂತೆಯೇ ಹಾಡಿ’ ಎನ್ನಲಾದೀತೆ? ಅವರು ಒಂದು ಪದ್ಯವನ್ನು ಎರಡು ಸಲ ಒಂದೇ ರೀತಿ ಹಾಡಿದವರಲ್ಲ. ಧ್ವನಿಗೆ ಗೆಳೆಯ ನಾಗ್ರಾ ಟೇಪ್ ರೆಕಾರ್ಡರನ್ನು ಬಾಡಿಗೆಗೆ ತಂದಿದ್ದ. ಅದು ಹಾಡಿನ ಜೊತೆಗೆ 50 ಹರ್ಟ್ಜ್‌ನ ಪೈಲಟ್ ಸಂಕೇತವನ್ನೂ ಟೇಪಿನಲ್ಲಿ ಬರೆದಿಟ್ಟುಕೊಳ್ಳುತ್ತದೆ, ಸಮಯ ತಪ್ಪುವುದಿಲ್ಲ. ತೊಂದರೆ ಇದ್ದದ್ದು ಹಳೆಯ 16 ಎಂ.ಎಂ. ಕ್ಯಾಮೆರಾದಲ್ಲಿ. ಅದರ ಮೋಟಾರು ಬ್ಯಾಟರಿಯ ಮರ್ಜಿಗೆ ತಕ್ಕಂತೆ ಓಡುತ್ತಿತ್ತು. ‘ನೀನು ಎಲೆಕ್ಟ್ರಾನಿಕ್ಸ್ ಓದ್ತಿದ್ದೀಯಲ್ಲ, ಇದಕ್ಕೊಂದು ಲಗಾಮು ಮಾಡಿಕೊಡು’ ಎಂದ. ಅದೇ ನನ್ನ ಪ್ರಾಜೆಕ್ಟ್ ಆಯಿತು.

ಆ ಲಗಾಮಿನ ಹೆಸರು ಫೇಸ್ ಲಾಕ್ಡ್ ಲೂಪ್. ಹೆಸರಿಗೆ ಹೆದರಬೇಕಾಗಿಲ್ಲ. ಭಾಗವತರ ತಾಳಕ್ಕೆ ವೇಷಧಾರಿ ಹೆಜ್ಜೆ ಹಾಕುವುದನ್ನು ನೆನೆಯಿರಿ. ಪ್ರತಿ ಪೆಟ್ಟಿಗೂ ತನ್ನ ಹೆಜ್ಜೆ ಮುಂದಾಯಿತೋ ಹಿಂದಾಯಿತೋ ಎಂದು ನೋಡಿ ಅವನು ತಿದ್ದಿಕೊಳ್ಳುತ್ತಾನೆ. ಇಲ್ಲಿ ತಾಳ ಹಾಕುವುದು ಕ್ವಾರ್ಟ್ಜ್ ಹರಳು. ಸೆಕೆಂಡಿಗೆ 32,76,800 ಸಲ ಕಂಪಿಸುವ ಹರಳಿನ ಸಂಕೇತವನ್ನು 16 ಸಲ ಅರ್ಧ ಮಾಡುತ್ತ ಹೋದರೆ ಕರಾರುವಾಕ್ಕಾಗಿ 50 ಉಳಿಯುತ್ತದೆ. ಹೆಜ್ಜೆ ಹಾಕುವುದು ಮೋಟಾರು. ಅದರ ಶಾಫ್ಟು ಒಂದು ಸುತ್ತು ತಿರುಗಿದರೆ ಒಂದು ಚಿತ್ರ. ಸೆಕೆಂಡಿಗೆ 25 ಚಿತ್ರ. ಶಾಫ್ಟಿಗೆ ಎರಡು ಸೀಳುಗಳ ಬಿಲ್ಲೆ ಕಟ್ಟಿ, ಒಂದು ಬದಿಗೆ ಎಲ್‌ಇಡಿ, ಇನ್ನೊಂದು ಬದಿಗೆ ಬೆಳಕಿನ ಸೆನ್ಸರ್ ಇಟ್ಟರೆ ಅಲ್ಲಿಯೂ ಸೆಕೆಂಡಿಗೆ 50 ಸಂಕೇತ. ಇವೆರಡನ್ನೂ ಹೋಲಿಸಿ ತೀರ್ಪು ಕೊಡಲು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತಿದ್ದ 4046 ಎಂಬ ಐಸಿ.

ಮೊದಲು ಮೋಟಾರು ಏದುಸಿರು ಬಿಟ್ಟಂತೆ ಒಮ್ಮೆ ಜೋರಾಗಿ ಒಮ್ಮೆ ನಿಧಾನವಾಗಿ ಓಡಿತು. ಫಿಲ್ಟರಿನ ಕೆಪಾಸಿಟರಿಗೆ ಸಾಲಾಗಿ ಒಂದು ರೆಸಿಸ್ಟರ್ ಸೇರಿಸಿದ ಮೇಲೆ ಸಮಾಧಾನಕ್ಕೆ ಬಂತು. ಎರಡು ತಾಳ ಕೂಡಿದಾಗ ಬೆಳಗಲೆಂದು ಹಸಿರು ದೀಪವೊಂದನ್ನು ಇಟ್ಟೆ. ಅದು ಆಗೀಗ ಮಿಣುಕುತ್ತಿತ್ತು. ನೋಡಲು ಚೆನ್ನಾಗಿರುವುದಿಲ್ಲವೆಂದು ಅದಕ್ಕೂ ಒಂದು ಕೆಪಾಸಿಟರ್ ಹಾಕಿ ಮಿಣುಕು ನಿಲ್ಲಿಸಿದೆ. ಕಾಲೇಜಿನಲ್ಲಿ ಪರೀಕ್ಷಕರು ಬಂದರು, ಹಸಿರು ದೀಪ ನೋಡಿದರು, ಒಳ್ಳೆಯ ಅಂಕ ಕೊಟ್ಟರು.

ಫೆಬ್ರವರಿಯಲ್ಲಿ ಭಾಗವತರ ಮನೆಯ ಜಗಲಿಯಲ್ಲಿ ಚಿತ್ರೀಕರಣ. ಸದ್ದು ಕೇಳದಿರಲೆಂದು ಕ್ಯಾಮೆರಾಕ್ಕೆ ಕಂಬಳಿ ಹೊದೆಸಿದ್ದೆವು. ನೂರು ಅಡಿಯ ರೀಲು. 4,000 ಚಿತ್ರ, 2 ನಿಮಿಷ 40 ಸೆಕೆಂಡು. ಮೊದಲಿಗೊಮ್ಮೆ, ಕೊನೆಗೊಮ್ಮೆ ಕ್ಲಾಪ್ ಬಡಿದೆವು. ದೀಪ ಹಸಿರಾಗಿಯೇ ಇತ್ತು. ಭಾಗವತರು ಕಣ್ಣು ಮುಚ್ಚಿ ಹಾಡಿದರು. ಹಾಡು ಮುಗಿದ ಮೇಲೂ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ರೀಲು ಮದ್ರಾಸಿನಲ್ಲಿ ಸಂಸ್ಕರಣೆಯಾಗಿ ಬಂತು. ಮೊದಲ ಕ್ಲಾಪ್ ಸರಿಯಾಗಿ ಕೂಡಿತು. ಕೊನೆಯದರಲ್ಲಿ ಹಲಗೆ ಮುಚ್ಚಿ ಆರು ಚಿತ್ರ ಕಳೆದ ಮೇಲೆ ‘ಟಪ್’ ಕೇಳಿಸಿತು. ಆರು ಚಿತ್ರವೆಂದರೆ ಕಾಲು ಸೆಕೆಂಡು. ಎರಡು ಮೂರು ಚಿತ್ರ ತಪ್ಪಿದರೇ ಕಣ್ಣು ಹಿಡಿದುಬಿಡುತ್ತದೆ. ಭಾಗವತರ ತುಟಿ ಮೊದಲು, ಧ್ವನಿ ಆಮೇಲೆ. ಗೆಳೆಯ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಐಸಿ ಬದಲಿಸಿದೆ, ಒಂದಲ್ಲ ಮೂರು ಸಲ. ಹರಳು ಬದಲಿಸಿದೆ. ಲ್ಯಾಬಿನ ಆಸಿಲೋಸ್ಕೋಪಿನಲ್ಲಿ ನೋಡಿದರೆ ಎಲ್ಲ ಸರಿ. ಏಪ್ರಿಲ್‌ನಲ್ಲಿ ಮತ್ತೆ ಶೂಟಿಂಗ್ ಗೊತ್ತಾಗಿತ್ತು. ಕ್ಯಾಮೆರಾ, ಪೆಟ್ಟಿಗೆ ಹೊತ್ತು ಸಾಗರದ ನಮ್ಮ ಮನೆಗೆ ಬಂದೆ.

ಅಪ್ಪಯ್ಯನಿಗೆ ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ. ಎಸ್ಸೆಸ್ಸೆಲ್ಸಿ ಮುಟ್ಟಿರಲಿಲ್ಲ. ಸರ್ಕ್ಯೂಟಿನ ವಿಷಯ ಅವರ ಹತ್ತಿರ ಮಾತನಾಡುವುದನ್ನು ನಾನು ಎರಡನೇ ವರ್ಷಕ್ಕೇ ಬಿಟ್ಟಿದ್ದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಅವರು ಎಲ್ಲವನ್ನೂ ಕೇಳಿ, ‘ಲ್ಯಾಬಲ್ಲಿ ಓಡಿಸುವಾಗ ಒಳಗೆ ಫಿಲ್ಮ್ ಇತ್ತೇನೋ?’ ಎಂದರು.

‘ಇಲ್ಲ ಅಪ್ಪಯ್ಯ. ಫಿಲ್ಮ್ ದುಬಾರಿ.’

‘ಖಾಲಿ ಗಾಡಿ ಕಟ್ಟಿ ಎತ್ತಿನ ಶಕ್ತಿ ನೋಡಿದ ಹಾಗಾಯ್ತು. ಇರ್ಲಿ, ಓಟ ಸರಿ ಇದೆ ಅಂತ ಹೇಳಿದ್ದು ಯಾರು?’

‘ಹಸಿರು ದೀಪ.’

‘ಆ ದೀಪ ಹೊತ್ತಿಸಿದ್ದು ಯಾರು? ಅದೇ ಸರ್ಕ್ಯೂಟ್ ತಾನೆ? ಕಳ್ಳನ ಹತ್ರವೇ ಸಾಕ್ಷಿ ಹೇಳಿಸಿದ್ಯಲ್ಲೋ ಮಾರಾಯ!’

ಅವರು ರೆಕಾರ್ಡ್ ಪ್ಲೇಯರ್ ರಿಪೇರಿ ಮಾಡುವಾಗ ತಟ್ಟೆಯ ಅಂಚಿನ ಚುಕ್ಕೆಗಳನ್ನು ಕರೆಂಟು ದೀಪದಲ್ಲಿ ನೋಡುವುದಿತ್ತು. ವೇಗ ಸರಿಯಿದ್ದರೆ ಚುಕ್ಕೆಗಳು ನಿಂತಂತೆ ಕಾಣುತ್ತವೆ. ನಮ್ಮೂರ ಕರೆಂಟು 50ರಲ್ಲಿ ನಿಲ್ಲುವಂಥದ್ದಲ್ಲ. ಹಾಗಾಗಿ ಹರಳಿನ ಸಂಕೇತದಿಂದಲೇ ನಾಲ್ಕು ಎಲ್‌ಇಡಿಗಳನ್ನು ಮಿನುಗಿಸಿ, ಶಾಫ್ಟಿಗೆ ಬಿಳಿ ಕಾಗದದ ಚೂರು ಅಂಟಿಸಿದೆವು. ಸೆನ್ಸರ್ ಹೇಳಿದ್ದನ್ನು ಕೇಳುವ ಬದಲು ಶಾಫ್ಟನ್ನೇ ಕಣ್ಣಾರೆ ನೋಡುವುದು. ಅಂಗಡಿಯ ಬಾಗಿಲು ಹಾಕಿ ಕತ್ತಲೆ ಮಾಡಿದೆವು. ಖಾಲಿ ಕ್ಯಾಮೆರಾದಲ್ಲಿ ಎದುರುಬದುರಾಗಿ ಎರಡು ಬಿಳಿ ಚುಕ್ಕೆಗಳು ಅಲ್ಲಾಡದೆ ನಿಂತವು. ಕೆಟ್ಟುಹೋದ ಫಿಲ್ಮಿನ ರೀಲು ಹಾಕಿ ಓಡಿಸಿದರೆ, ನಿಂತಿದ್ದ ಚುಕ್ಕೆಗಳು ಇದ್ದಕ್ಕಿದ್ದಂತೆ ಹಿಂದಕ್ಕೆ ಜಾರಿ ಅರ್ಧ ಸುತ್ತು ಹೋಗಿ ಮತ್ತೆ ನಿಂತವು. ರೀಲು ಮುಗಿಯುವಷ್ಟರಲ್ಲಿ ಅಪ್ಪಯ್ಯ ಹನ್ನೆರಡು ಎಣಿಸಿದರು. ಹನ್ನೆರಡು ಅರ್ಧ ಎಂದರೆ ಆರು. ಹಸಿರು ದೀಪ ಅಷ್ಟು ಹೊತ್ತೂ ತಣ್ಣಗೆ ಉರಿಯುತ್ತಿತ್ತು.

ತಪ್ಪು ಸಿಕ್ಕಿದ್ದು ಒಂದು ತಂತಿಯಲ್ಲಿ. ಮೋಟಾರಿನ ಕರೆಂಟು ಬ್ಯಾಟರಿಗೆ ಮರಳುವುದಕ್ಕೂ ಸೆನ್ಸರಿನ ಅರ್ತಿಗೂ ನಾನು ಒಂದೇ ತೆಳು ತಂತಿ ಕೊಟ್ಟಿದ್ದೆ. ಫಿಲ್ಮಿನ ಭಾರ ಬಿದ್ದಾಗ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ; ಅದರ ಬ್ರಷ್ಷುಗಳ ಕಿಡಿಯ ಗದ್ದಲ ತಂತಿಯ ಮೂಲಕ ಸೆನ್ಸರಿಗೆ ಸೇರಿ, ಆಗೊಮ್ಮೆ ಈಗೊಮ್ಮೆ ಇಲ್ಲದ ಹೆಜ್ಜೆಯೊಂದು ಲೆಕ್ಕಕ್ಕೆ ಬರುತ್ತಿತ್ತು. ಕ್ಯಾಮೆರಾ ಮುಂದೆ ಓಡಿತೆಂದು ತಿಳಿದು ಐಸಿ ಅದನ್ನು ಅರ್ಧ ಚಿತ್ರದಷ್ಟು ಹಿಂದಕ್ಕೆ ಎಳೆಯುತ್ತಿತ್ತು. ಐಸಿಯದು ತಪ್ಪಿಲ್ಲ, ಕೇಳಿದ್ದನ್ನು ನಂಬಿತ್ತು. ದೀಪವೂ ಪ್ರತಿ ಸಲ ಮಿಣುಕಿ ಹೇಳಲು ನೋಡಿತ್ತು. ಅದರ ಬಾಯಿ ಕಟ್ಟಿದವನು ನಾನು.

ಮೋಟಾರಿಗೆ ದಪ್ಪ ತಂತಿ ಬೇರೆ, ಸೆನ್ಸರಿಗೆ ಬೇರೆ ಎಳೆದೆವು. ಬ್ರಷ್ಷುಗಳಿಗೆ ಅಡ್ಡಲಾಗಿ ಸಣ್ಣ ಕೆಪಾಸಿಟರ್, ಸೆನ್ಸರಿನ ಬಾಯಿಗೆ ಚಿಲ್ಲರೆ ಗದ್ದಲಕ್ಕೆ ಅಲುಗದ ಶ್ಮಿಟ್ ಟ್ರಿಗರ್ ಹಾಕಿದೆವು. ದೀಪದ ಕೆಪಾಸಿಟರನ್ನು ಅಪ್ಪಯ್ಯ ತಾವೇ ಕಿತ್ತು ನನ್ನ ಕೈಗೆ ಕೊಟ್ಟರು. ಮತ್ತೆ ರೀಲು ಓಡಿಸಿದಾಗ ಚುಕ್ಕೆಗಳು ಕೊನೆಯವರೆಗೂ ಕದಲಲಿಲ್ಲ.

ಏಪ್ರಿಲ್‌ನ ರೀಲಿನಲ್ಲಿ ಎರಡೂ ಕ್ಲಾಪ್ ಕೂಡಿದವು. ಆದರೆ ಭಾಗವತರು ಹಾಡಿದ್ದು ಬೇರೆ ಪದ್ಯ. ಹಿಂದಿನದ್ದನ್ನೇ ಹಾಡಿರೆಂದು ಕೇಳಿಕೊಂಡೆವು. ‘ಅದು ಅವತ್ತಿಗೆ ಬಂದಿತ್ತು ಮಕ್ಕಳೇ, ಇವತ್ತಿಗೆ ಇದು’ ಎಂದರು.

ಇಂದಿನ ವಿದ್ಯಾರ್ಥಿಗಳಿಗೆ ಆ ಪೆಟ್ಟಿಗೆ ಬೇಕಾಗಿಲ್ಲ. ಕಿಸೆಯ ಮೊಬೈಲು ಚಿತ್ರ, ಧ್ವನಿ ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ. ಅದರೊಳಗೂ ಫೇಸ್ ಲಾಕ್ಡ್ ಲೂಪ್‌ಗಳು ಸದ್ದಿಲ್ಲದೆ ತಾಳ ಕೂಡಿಸುತ್ತಿರುತ್ತವೆ. ಹಸಿರು ದೀಪಗಳು ಮಾತ್ರ ಈಗಲೂ ಇವೆ. ಅಂಕಪಟ್ಟಿ ಅಂಥದ್ದೊಂದು. ನನ್ನ ಪ್ರಾಜೆಕ್ಟಿನ ಅಂಕವನ್ನು ಆಮೇಲೆ ಯಾರೂ ತಿದ್ದಲಿಲ್ಲ, ಅದು ಇಂದಿಗೂ ಹಾಗೆಯೇ ಇದೆ. ಮೊದಲ ರೀಲೂ ಹಾಗೆಯೇ ಇದೆ. ಅದರಲ್ಲಿ ಭಾಗವತರ ತುಟಿ ಮೊದಲು, ಧ್ವನಿ ಆಮೇಲೆ.