ಬಲಗೈ ಭಾಷೆ

ಹನೂರು ಹಿಂದಾಯಿತು, ಎಲ್ಲೇಮಾಳವೂ ಹಿಂದಾಯಿತು. ಬಿಸಿಲು ಇಳಿಯುವ ಹೊತ್ತಿಗೆ ನೀವು ಕೌದಳ್ಳಿ ಸೇರಿದ್ದೀರಿ. ನಾಡಿದ್ದು ಶಿವರಾತ್ರಿ. ರಸ್ತೆಯ ಎರಡೂ ಬದಿಗೆ ಪರಸೆಯೋ ಪರಸೆ. ಕೊಳ್ಳೇಗಾಲದಿಂದ ಟಾರು ರಸ್ತೆ ಹಿಡಿದು ಬಂದವರಿದ್ದಾರೆ. ಕನಕಪುರ, ರಾಮನಗರದ ಕಡೆಯಿಂದ ಹೊರಟು ಕಾವೇರಿ ದಾಟಿ ಕಾಡುಹಾದಿಯಲ್ಲಿ ನಡೆದು ಬಂದವರೂ ಇದ್ದಾರೆ. ಹೆಚ್ಚಿನವರದು ಬರಿಗಾಲು. ಹಗಲೆಲ್ಲ ಕಾದ ಟಾರು ಅಂಗಾಲಿಗೆ ಇನ್ನೂ ಚುರುಗುಟ್ಟುತ್ತಿದೆ. ಒಂದು ಗುಂಪು "ಉಘೇ" ಎಂದರೆ ಸಾಕು, ಎಲ್ಲಿಂದಲೋ "ಉಘೇ ಮಾದಪ್ಪ" ಎಂದು ಇನ್ನೊಂದು ಗುಂಪು ಓಗೊಡುತ್ತದೆ. ಮುಂದೆ ತಾಳಬೆಟ್ಟ, ಅಲ್ಲಿಂದ ಮಲೆ ಮಾದಪ್ಪನ ಬೆಟ್ಟದ ಹಾದಿ. ಅದು ನಾಳೆಯ ಮಾತು. ಇವತ್ತು ರಾತ್ರಿ ಇಲ್ಲೇ.

ಅರವಟ್ಟಿಗೆಯವರು ಕೊಟ್ಟ ನೀರುಮಜ್ಜಿಗೆ ಕುಡಿದು, ಬಾಗಿಲು ಹಾಕಿದ ಅಂಗಡಿಯೊಂದರ ಮುಂದಿನ ಕಲ್ಲುಚಪ್ಪಡಿಯ ಮೇಲೆ ನೀವು ಕೂತುಕೊಳ್ಳುತ್ತೀರಿ. ಪಕ್ಕದಲ್ಲಿ ಅತ್ತೆ, ಸೊಸೆ. ಸೊಸೆಯ ಎಡಗಾಲಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ. ಅತ್ತೆ ಆ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಸಣ್ಣ ಸೀಸೆಯಿಂದ ಹರಳೆಣ್ಣೆ ಬಿಟ್ಟು ನೀವುತ್ತಿದ್ದಾಳೆ. ಬೊಬ್ಬೆಯ ಸುತ್ತ ಹೆಬ್ಬೆರಳು ಸುತ್ತುತ್ತದೆ, ಅದರ ಮೇಲೆ ಹೋಗುವುದಿಲ್ಲ. ಸೊಸೆ ನಾಚಿಕೊಂಡು ಕಾಲೆಳೆದುಕೊಳ್ಳಲು ನೋಡುತ್ತಾಳೆ. "ಸುಮ್ನಿರವ್ವ, ನಾಳ ನಡೀಬೇಕಲ್ಲ" ಎಂದು ಅತ್ತೆ ಗದರುತ್ತಾಳೆ.

ಆಚೆ ಬದಿಯಿಂದ ಇನ್ನೊಂದು ಗುಂಪಿನ ಹೆಂಗಸು ಎಲೆಅಡಿಕೆ ಚೀಲ ಬಿಚ್ಚುತ್ತ ಕೇಳುತ್ತಾಳೆ: "ಮಕ್ಳೆಷ್ಟವ್ವ?"

ದಾರಿಯಲ್ಲಿ ಸಿಕ್ಕವರು ಮಾತಿಗೆಂದು ಕೇಳುವ ಪ್ರಶ್ನೆ, ಅದರಲ್ಲಿ ಕೆಟ್ಟ ಉದ್ದೇಶವೇನಿಲ್ಲ. "ಇನ್ನೂ ಇಲ್ಲ" ಎಂದರೆ ಮುಗಿಯಿತು. ಆದರೆ ಸೊಸೆ ಅಲ್ಲಿಗೆ ನಿಲ್ಲಿಸುವುದಿಲ್ಲ. ಮದುವೆಯಾಗಿ ಎಷ್ಟು ವರ್ಷವಾಯಿತು, ಮೈಸೂರಿನಲ್ಲಿ ಯಾವ ಪರೀಕ್ಷೆ ಮಾಡಿಸಿದರು, ಡಾಕ್ಟರು ಇಬ್ಬರಲ್ಲೂ ದೋಷವಿಲ್ಲ ಅಂದದ್ದು, ತಾನು ಯಾವ ಗುಳಿಗೆ ನುಂಗಿದ್ದು, ಯಾವ ವಾರ ಒಪ್ಪೊತ್ತು ಇದ್ದದ್ದು, ಎಲ್ಲವನ್ನೂ ಹೆಸರೂ ಗೊತ್ತಿಲ್ಲದ ಆ ಹೆಂಗಸಿನ ಮುಂದೆ ಹೇಳುತ್ತಾ ಹೋಗುತ್ತಾಳೆ, ತಾಲ್ಲೂಕು ಕಚೇರಿಯಲ್ಲಿ ಅರ್ಜಿಯ ಜೊತೆ ಒಂದೊಂದೇ ದಾಖಲೆ ಲಗತ್ತಿಸಿದ ಹಾಗೆ. ಹೆಂಗಸು ಲೊಚಗುಟ್ಟಿ "ಮಾದಪ್ಪ ಕಣ್ಣು ಬುಡ್ತಾನ ಬುಡು" ಎನ್ನುತ್ತಾಳೆ. ಸೊಸೆಯ ಭುಜ ಸ್ವಲ್ಪ ಇಳಿಯುತ್ತದೆ. ಈ ಹೊತ್ತಿನ ಮಟ್ಟಿಗೆ ಪಾಸಾಯಿತು. ಇನ್ನೊಬ್ಬರು ಕೇಳುವ ತನಕ.

ಕತ್ತಲಾಯಿತು. ಟ್ರ್ಯಾಕ್ಟರಿನಿಂದ ಹಂಡೆ ಇಳಿಸಿ, ಮೂರು ಕಲ್ಲು ಹೂಡಿ, ಗುಂಪಿನವರು ಅನ್ನ ಸಾರು ಮಾಡಿದ್ದಾರೆ. ಊಟ ಮುಗಿದು ತಟ್ಟೆ ತೊಳೆಯುತ್ತಿರುವಾಗ ದೇವರಗುಡ್ಡರ ಮೇಳ ಬಂದು ಬೀದಿದೀಪದ ಕೆಳಗೆ ಕೂರುತ್ತದೆ. ಮುಂದಾಳು ಗುಡ್ಡಪ್ಪನ ಕೊರಳಲ್ಲಿ ರುದ್ರಾಕ್ಷಿ, ಹಣೆಯ ತುಂಬ ವಿಭೂತಿ, ಹೆಗಲಲ್ಲಿ ಜೋಳಿಗೆ. ಹಿಮ್ಮೇಳದ ಇಬ್ಬರಲ್ಲಿ ಒಬ್ಬನ ಕೈಯಲ್ಲಿ ದಮ್ಮಡಿ, ಇನ್ನೊಬ್ಬನ ಕೈಯಲ್ಲಿ ಏಕತಾರಿ. ಗುಡ್ಡಪ್ಪ ಜೋಳಿಗೆಯಿಂದ ಕಂಸಾಳೆ ತೆಗೆಯುತ್ತಾನೆ. ಎಡ ಅಂಗೈಯಲ್ಲಿ ಕೂರುವ ಕಂಚಿನ ಬಟ್ಟಲು, ಬಲಗೈಯಲ್ಲಿ ದಾರ ಕಟ್ಟಿದ ಕಂಚಿನ ತಾಳ. ಬಟ್ಟಲಿನ ಅಂಚು ತಾಳದ ಏಟು ತಿಂದು ತಿಂದು ಒಂದು ಕಡೆ ಸವೆದು ಹೊಳೆಯುತ್ತಿದೆ. ಮೊದಲ ಏಟಿಗೇ ಮಾತು ನಿಂತಿತು.

"ಯಾವ ಸಾಲು ಹೇಳ್ಲಿ?"

ಮಾದಪ್ಪನ ಕತೆ ಒಂದು ರಾತ್ರಿಗೆ ಮುಗಿಯುವಂಥದ್ದಲ್ಲ. ಶ್ರವಣನ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು. ಗಂಡಸರ ಕಡೆಯಿಂದ ಯಾರೋ ಶ್ರವಣನ್ನ ಕೇಳಿದರು. ಹೆಂಗಸರ ಕಡೆಯಿಂದ ಒಟ್ಟಿಗೇ ಕೂಗು ಬಂತು: "ಸಂಕಮ್ಮಂದು ಹೇಳಪ್ಪೋ!"

ಗುಡ್ಡಪ್ಪ ಸಂಕಮ್ಮನನ್ನೇ ಎತ್ತಿಕೊಂಡ. ಸ್ವಲ್ಪ ಹಾಡು, ಸ್ವಲ್ಪ ಮಾತು. ಮಾತಿಗೆ ಬಂದಾಗಲೆಲ್ಲ ಕಂಸಾಳೆ ತಗ್ಗುತ್ತದೆ, ಹಿಮ್ಮೇಳದವರು ಹೂಂಗುಟ್ಟುತ್ತಾರೆ. ಸೋಲಿಗರ ನೀಲೇಗೌಡ, ಅವನ ಹೆಂಡತಿ ಸಂಕಮ್ಮ. ಚೆಲುವೆ. ಮಕ್ಕಳಿಲ್ಲ, ಬಂಜೆ ಎಂಬ ಮಾತು ಆಗಲೇ ಬೆನ್ನಿಗೆ ಬಿದ್ದಿದೆ. ಗಂಡ ಜೇನುಮಲೆಗೆ ಹೊರಡಬೇಕು. ಹೆಜ್ಜೇನು ಇರುವುದು ಬಂಡೆಯ ನೆತ್ತಿಯಲ್ಲಿ. ಹೊಗೆ ಹಾಕಿ, ಬಿಳಲು ಹಿಡಿದು ಇಳಿದು ಕೊಯ್ಯುವ ಕೆಲಸ, ಹೋದವನು ಬೇಗ ಬರುವಂತಿಲ್ಲ. ಹೊರಡುವ ಮುಂಚೆ ಅವನಿಗೆ ದಿಗಿಲು. ಇಂಥ ಹೆಂಡತಿಯನ್ನು ಒಬ್ಬಳನ್ನೇ ಬಿಟ್ಟು ಹೋಗುವುದು ಹೇಗೆ? ಬಲಗೈ ಭಾಷೆ ಕೊಡು ಎಂದ.

ಇಲ್ಲಿ ಗುಡ್ಡಪ್ಪ ಹಾಡು ನಿಲ್ಲಿಸಿ, ತಾಳವನ್ನು ಬಟ್ಟಲೊಳಗೆ ಮಲಗಿಸಿ, ಅಂಗೈಯನ್ನು ಆಕಾಶಕ್ಕೆ ಮಾಡಿ ನಿಮ್ಮ ಕಡೆಗೇ ಚಾಚುತ್ತಾನೆ. ಆ ಕೈ ನಿಮಗೆ ಗೊತ್ತು. ಸಾಲ ತೀರಿಸುತ್ತೇನೆ ಎಂದು ಅದರ ಮೇಲೆ ಕೈ ಇಟ್ಟವರನ್ನು ಕಂಡಿದ್ದೀರಿ, ಹೆಣ್ಣು ಕೊಡುತ್ತೇನೆ ಎಂದು ತಟ್ಟಿದವರನ್ನೂ ಕಂಡಿದ್ದೀರಿ. ಇಟ್ಟರೆ ಮಾತಾಯಿತು. ಗುಡ್ಡಪ್ಪನ ಕೈ ಗಾಳಿಯಲ್ಲಿ ಹಾಗೇ ಇದೆ. ಬೊಬ್ಬೆ ಎದ್ದ ಕಾಲಿನ ಸೊಸೆ ಆ ಕೈಯನ್ನೇ ನೋಡುತ್ತಿದ್ದಾಳೆ.

ಸಂಕಮ್ಮ ಕೈ ಇಡಲಿಲ್ಲ.

ಅವಳು ತಪ್ಪು ಮಾಡಿದವಳಲ್ಲ, ಮಾಡುವವಳೂ ಅಲ್ಲ. ಗಂಡನ ಮೇಲೆ ದ್ವೇಷವೂ ಇಲ್ಲ. ಕೈಹಿಡಿದ ದಿನವೇ ಕೊಡಬೇಕಾದ್ದನ್ನು ಕೊಟ್ಟಾಗಿದೆ, ಈಗ ಅನುಮಾನಕ್ಕೆಂದು ಬೇರೆ ಭಾಷೆ ಕೊಡುವುದಿಲ್ಲ. ಇಷ್ಟೇ ಅವಳ ಹಟ. ನೀಲೇಗೌಡ ಬೇಡಿದ, ಬೈದ, ಹೊಡೆದ. ಕೊನೆಗೆ ನಡುಕಾಡಿನಲ್ಲಿ ಗುಡಿಸಲು ಹಾಕಿ, ಅವಳನ್ನು ಕಟ್ಟಿ ಕೆಡವಿ, ಜೇನಿಗೆ ಹೋದ. ಆಮೇಲೆ ಮಾದಪ್ಪ ಜಂಗಮನಾಗಿ ಬಂದ, ಕಟ್ಟು ಬಿಚ್ಚಿದ, ಎರಡು ಮಕ್ಕಳ ಫಲ ಕೊಟ್ಟ. ಹುಟ್ಟಿದವರು ಕಾರಯ್ಯ, ಬಿಲ್ಲಯ್ಯ. ಆ ಹೆಸರುಗಳು ಬಂದಾಗ ಸುತ್ತ ಕೂತವರೆಲ್ಲ ಕೈ ಮುಗಿದರು. ಸಂಕಮ್ಮ ಕೈ ಕೊಡದೆ ನಿಂತಾಗ ಯಾರೂ ಮುಗಿದಿರಲಿಲ್ಲ.

ನಾನು ಕೈ ಮುಗಿಯುವುದಿದ್ದರೆ ಅಲ್ಲೇ. ಮಾದಪ್ಪ ಬರುತ್ತಾನೆ ಎಂಬುದು ನಮಗೆ ಗೊತ್ತು, ಗುಡ್ಡಪ್ಪನಿಗೆ ಗೊತ್ತು, ಸಂಕಮ್ಮನಿಗೆ ಗೊತ್ತಿರಲಿಲ್ಲ. ಅವಳು ಬೇಡ ಎಂದ ಗಳಿಗೆಯಲ್ಲಿ ಸರಿ ಎನ್ನಲು ಯಾರೂ ಇರಲಿಲ್ಲ. ಗಂಡ ಎದುರಾಗಿದ್ದ, ಕುಲ ಅವನ ಹಿಂದಿತ್ತು, ದೇವರು ಇನ್ನೂ ಹೊರಟಿರಲಿಲ್ಲ. ತಾನು ಏನು ಎಂಬುದು ತನಗೆ ಗೊತ್ತಿತ್ತು, ಅದು ಸಾಕಿತ್ತು. ಕೈ ಇಟ್ಟಿದ್ದರೆ ಹೊಡೆತ ತಪ್ಪುತ್ತಿತ್ತು, ನಿಜ. ಆದರೆ ತನ್ನನ್ನು ಅಳೆಯುವ ಕೋಲು ಗಂಡನ ಕೈಯಲ್ಲಿದೆ ಎಂದು ಅವಳೇ ಒಪ್ಪಿಕೊಂಡಂತೆ ಆಗುತ್ತಿತ್ತು. ನಮ್ಮ ಸೀಮೆಯ ಓದುಬರಹವಿಲ್ಲದ ಹಾಡುಗಾರರು ಈ ಸೂಕ್ಷ್ಮವನ್ನು ತಲೆಮಾರುಗಳಿಂದ ಬಾಯಲ್ಲಿ ಕಾಪಾಡಿಕೊಂಡು ಬಂದಿದ್ದಾರಲ್ಲ, ಅದು ನನಗೆ ದೊಡ್ಡ ಸಂಗತಿ. ಈ ಹಾಡನ್ನು ಸಂಗ್ರಹಿಸಿದ ಪಿ.ಕೆ. ರಾಜಶೇಖರ ಅವರ 'ಮಲೆಯ ಮಾದೇಶ್ವರ' 1973ರಲ್ಲಿ ಅಚ್ಚಾಯಿತು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ್ದನ್ನು ಕೇಶವನ್ ಪ್ರಸಾದ್ ಸಂಪಾದಿಸಿದರು, ಅದನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಹೊರತಂದಿತು. ಪುಸ್ತಕ ಬರುವುದಕ್ಕೆ ಎಷ್ಟೋ ಮುಂಚಿನಿಂದ ಸಂಕಮ್ಮ ಇಂಥ ಬೀದಿಗಳಲ್ಲಿ ಕೈ ಕೊಡದೆ ನಿಂತಿದ್ದಾಳೆ.

ಕತೆ ಮುಂದೆ ಹೋಗುತ್ತದೆ. ಗಂಡ ಹಿಂದಿರುಗಿದ. ಕಟ್ಟಿ ಹೋದ ಬಂಜೆಗೆ ಮಕ್ಕಳ ಫಲ ಎಲ್ಲಿಂದ ಬಂತು ಎಂದ. ಈಗ ಸತ್ಯದ ಪರೀಕ್ಷೆ. ಅದನ್ನು ಹಾಡುಗಾರರು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬೆಳೆಸುತ್ತಾರೆ, ಈ ಗುಡ್ಡಪ್ಪ ಕುದಿಯುವ ಎಣ್ಣೆಯನ್ನು ತಂದ. ಕಂಸಾಳೆಯ ಲಯ ಏರಿತು, ದಮ್ಮಡಿ ಜೊತೆಗೂಡಿತು. ಮಾದಪ್ಪನ ದಯೆಯಿಂದ ಸಂಕಮ್ಮ ಗೆದ್ದಳು, "ಉಘೇ" ಎದ್ದಿತು. ನನಗೆ ಇಲ್ಲಿ ಸಂಕಟವಾಗುತ್ತದೆ. ಗಂಡನಿಗೆ ಒಂದು ಕೈ ಕೊಡಲೊಪ್ಪದವಳನ್ನು ಕಡೆಗೆ ಊರಿಗಾಗಿ ಎಣ್ಣೆಯ ಮುಂದೆ ನಿಲ್ಲಿಸಬೇಕಾಯಿತೇ? ಇದೇ ಸೀಮೆಯ ಚಿಕ್ಕಲ್ಲೂರಿನ ಸಿದ್ದಪ್ಪಾಜಿಗೂ ಪರೀಕ್ಷೆಗಳಿದ್ದವು. ಹಲಗೂರಿನ ಪಾಂಚಾಳರು ಅವನನ್ನು ಸುಮ್ಮನೆ ಬಿಡಲಿಲ್ಲ. ಆದರೆ ಅವನು ಗುರು ಮಂಟೇಸ್ವಾಮಿಗೆ ಕಬ್ಬಿಣದ ಭಿಕ್ಷೆ ತರಲು ಹೋದವನು, ಅವನದು ಪವಾಡ. ಸಂಕಮ್ಮ ತನ್ನ ಗುಡಿಸಲಲ್ಲಿ ತನ್ನ ಪಾಡಿಗೆ ಇದ್ದವಳು. ಗೆದ್ದದ್ದಕ್ಕೆ ನಾವು ಉಘೇ ಎನ್ನುತ್ತೇವೆ. ಪರೀಕ್ಷೆಯೇ ತಪ್ಪು ಎಂದು ಸಂಕಮ್ಮ ಆಗಲೇ ಹೇಳಿಯಾಗಿದೆ, ಅದನ್ನು ಕೇಳಿಸಿಕೊಂಡವರು ಕಡಿಮೆ.

ಗುಡ್ಡಪ್ಪ ನೀರು ಕುಡಿಯಲು ನಿಲ್ಲಿಸಿದ. ಜೋಳಿಗೆಗೆ ಹತ್ತು, ಇಪ್ಪತ್ತರ ನೋಟು ಬೀಳತೊಡಗಿದವು. ಮೊಬೈಲಿನಲ್ಲಿ ವಿಡಿಯೊ ಹಿಡಿಯುತ್ತಿದ್ದ ಹುಡುಗನೊಬ್ಬ ಮುಂದೆ ಬಂದು ಕೇಳಿದ:

"ಕೊಟ್ಟುಬುಟ್ಟಿದ್ರ ಆಗೋಗದಲ್ವ ಗುಡ್ಡಪ್ಪ? ತಪ್ಪು ಮಾಡ್ನಿಲ್ಲ ಅಂದ್ಮೇಲ ಭಯ ಯಾಕ? ಕೈ ಏನು ಸವ್ದೋಯ್ತಿತ್ತ?"

ಗುಡ್ಡಪ್ಪ ಬಾಯಿ ಒರೆಸಿಕೊಂಡ. "ನಾ ಹಾಡವ ಕನಪ್ಪ. ಅದ ಹೆಣ್ಮಕ್ಳ ಕೇಳು."

ಹುಡುಗ ಹೆಂಗಸರ ಕಡೆ ತಿರುಗಿದ. ಒಂದಿಬ್ಬರು ನಕ್ಕರು, ಒಬ್ಬಳು ಸೆರಗು ಸರಿಮಾಡಿಕೊಂಡಳು. ಎಲೆಅಡಿಕೆಯ ಹೆಂಗಸು "ಹೂಂ, ಕೊಡ್ಬೋದಿತ್ತು" ಎಂದಳು. ಉತ್ತರ ಬಂದದ್ದು ನಿಮ್ಮ ಪಕ್ಕದಿಂದ. ಹರಳೆಣ್ಣೆ ಸೀಸೆಯ ಬಿರಡೆ ತಿರುಗಿಸುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದಳು:

"ಒಂದ್ಸಾರಿ ಕೊಟ್ರ ಮುಗಿಯದಿಲ್ಲ ಕನಪ್ಪ. ನಾ ಕೊಟ್ಟವ್ಳು."

ಹುಡುಗ ಮೊಬೈಲು ಕೆಳಗಿಳಿಸಿದ. ಅತ್ತೆ ಯಾರಿಗೂ ಅಲ್ಲದೆ, ಎಲ್ಲರಿಗೂ ಕೇಳುವಂತೆ ಮುಂದುವರಿಸಿದಳು. ಅವಳ ಯಜಮಾನರು ಕಾಫಿ ಹಣ್ಣು ಬಿಡಿಸುವ ಕಾಲಕ್ಕೆ ಕೊಡಗಿಗೆ ಹೋಗುತ್ತಿದ್ದರಂತೆ. ಹೋದರೆ ತಿಂಗಳುಗಟ್ಟಲೆ. ಇಲ್ಲಿ ಇವಳು, ಎರಡು ಕೂಸು, ಕಣ್ಣು ಕಾಣದ ಮುದುಕಿ, ಎರಡು ಎಕರೆ ರಾಗಿ ಹೊಲ. ಈ ತಾಲ್ಲೂಕಿನ ಎಷ್ಟೋ ಮನೆಗಳ ಪಾಡು ಇವತ್ತಿಗೂ ಅದೇ, ಊರುಗಳ ಹೆಸರು ಮಾತ್ರ ಬೇರೆ.

"ಮೊದಲ್ನೇ ವರ್ಷ ಬಂದೋರು ಕೈ ಚಾಚುದ್ರು. ಕೊಟ್ಟೆ. ಚಿಕ್ಕೋಳು ನಾನು, ಕೊಟ್ರ ಸುಮ್ನಾಯ್ತಾರ ಅನ್ಕಂಡಿ. ಬರೋ ವರ್ಷ ತಿರ್ಗ ಕೇಳುದ್ರು. ದೀಪ ಮುಟ್ಟಿ ಕೊಡು ಅಂದ್ರು, ಮುಟ್ಟಿ ಕೊಟ್ಟೆ. ಅದ್ರ ಮುಂದುಲ್ ವರ್ಷ ಕೂಸಿನ ತಲ ಮುಟ್ಟು ಅಂದ್ರು. ಅದೂ ಆಯ್ತು. ಕೊಟ್ಟಷ್ಟೂ ಕೇಳದೇ ಹೆಚ್ಚಾಯ್ತು. ನಂಗೂ ಹಂಗೇ ಆಗೋಯ್ತು ಕನವ್ವ. ಬಾವಿತಾವ ಯಾರಾರ ನಕ್ರ, ನನ್ನೇ ನೋಡಿ ನಕ್ರಾ ಅನ್ನದು. ಎದ್ರು ಮನಯವ್ಳ್ಗೂ ವರದಿ ಒಪ್ಪಿಸದು, ಇಲ್ಲಿಗ ಹೋಗಿದ್ದಿ, ಇಂಥವ್ರ ಕುಟ್ಟ ಮಾತಾಡ್ದಿ ಅಂತ. ಕೇಳ್ದೋರ್ಯಾರು?"

ಸೊಸೆ ಕಾಲು ಮಡಚಿಕೊಂಡು ಕೂತಳು. ಮದುವೆಯಾಗಿ ಬಂದಾಗಿನಿಂದ ಒಂದೇ ಒಲೆಯಲ್ಲಿ ಬೇಯಿಸಿದ ಇಬ್ಬರು. ಈ ಮಾತು ಅವಳಿಗೆ ಹೊಸದು ಎಂಬುದು ಮುಖ ನೋಡಿದರೆ ತಿಳಿಯುತ್ತದೆ. ಗುಡ್ಡಪ್ಪ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದ. ಎಲೆಅಡಿಕೆಯ ಹೆಂಗಸು ಅಗಿಯುವುದನ್ನು ನಿಲ್ಲಿಸಿದ್ದಳು.

"ಕಡೇ ವರ್ಷ ಮೈಗ ಉಷಾರಿಲ್ದೆ ಮಲಗಿದ್ರಲ್ಲ, ಆಗ್ಲೂ ಕೈ ಚಾಚುದ್ರು" ಎಂದಳು ಅತ್ತೆ.

"ಕೊಟ್ರಾ ಅತ್ತ?"

"ಇಲ್ಲ. ಇನ್ನ ನಾ ಕೊಡಾದಿಲ್ಲ ಅಂದಿ."

"ಮಾವ ಏನಂದ್ರು?"

"ಏನಂದಾರು? ನೀರು ಕೇಳುದ್ರು. ಕೊಟ್ಟೆ."