ಟೈಟಲ್ ಬರೆದ ಪೇಂಟರ್ ಸಾಹೇಬರಿಗೆ

ಬಾಂದ್ರಾ ಪಶ್ಚಿಮ, ಮುಂಬೈ



ಹೆಸರು ಹಿಡಿದು ಬರೆಯೋಣವೆಂದರೆ ನಿಮ್ಮ ಹೆಸರು ಹಳೆಯ ಸಿನಿಮಾ ಪೋಸ್ಟರಿನಲ್ಲಿ ಇಲ್ಲ. ನಾಯಕಿಯ ಕೆನ್ನೆಗೆ ಬಣ್ಣ ಹಚ್ಚಿದವರು ಎಷ್ಟೋ ಸಲ ಮೂಲೆಯಲ್ಲಿ ಸಹಿ ಹಾಕಿದ್ದಾರೆ, ಅಚ್ಚು ಹಾಕಿದ ಪ್ರೆಸ್ಸು ತನ್ನ ವಿಳಾಸವನ್ನು ಅಂಚಿಗೆ ಸೇರಿಸಿದೆ. ಸಿನಿಮಾದ ಹೆಸರು ಬರೆದ ನೀವು ಮಾತ್ರ ಕುಂಚ ತೊಳೆದಿಟ್ಟು ಮನೆಗೆ ಹೋದಿರಿ. ಅದಕ್ಕೇ ಈ ಪತ್ರ ನಿಮಗೆ. ಮುಖ ಬರೆದವರಿಗೆ ಪತ್ರ ಬರೆಯಲು ಬೇಕಾದಷ್ಟು ಜನರಿದ್ದಾರೆ.

ಮುಂಬೈಯ ಆರ್ಟ್ ಡೆಕೊ ಶೈಲಿ ಎಂದರೆ ಜನ ಚರ್ಚ್‌ಗೇಟಿನ ಈರೋಸ್ ಚಿತ್ರಮಂದಿರವನ್ನೋ ಮರೀನ್ ಡ್ರೈವಿನ ದುಂಡು ಬಾಲ್ಕನಿಗಳನ್ನೋ ತೋರಿಸುತ್ತಾರೆ. ತೋರಿಸಲಿ, ಚೆಂದವೇ ಇವೆ. ಆದರೆ ಆ ಶೈಲಿ ಈ ಊರಿನ ಬಡವನ ಕಣ್ಣಿಗೂ ಬಿದ್ದದ್ದು ಗೋಡೆಗೆ ಅಂಟಿಸಿದ ಕಾಗದದ ಮೇಲೆ, ನಿಮ್ಮ ಅಕ್ಷರಗಳಲ್ಲಿ ಎಂಬುದು ನನ್ನ ವಾದ. ಈರೋಸ್ ಒಳಗೆ ಹೋಗಲು ಟಿಕೆಟ್ ಬೇಕಿತ್ತು, ಪೋಸ್ಟರ್ ಓದಲು ಬೇಕಿರಲಿಲ್ಲ.

ಇದರ ಬೇರು ದೂರದ್ದು. 1895ರ ಹೊಸ ವರ್ಷದ ದಿನ ಪ್ಯಾರಿಸ್ಸಿನ ಗೋಡೆಗಳ ಮೇಲೆ ನಟಿ ಸಾರಾ ಬರ್ನಾರ್ಟಳ ನಾಟಕಕ್ಕೆ ಕಲಾವಿದ ಅಲ್ಫೋನ್ಸ್ ಮೂಖಾ ಬರೆದ ಪೋಸ್ಟರ್ ಕಾಣಿಸಿಕೊಂಡಿತು. ಆಳೆತ್ತರದ ಹೆಂಗಸು, ತಲೆಯ ಹಿಂದೆ ಕಮಾನು. ಡೆಕೊಗೆ ಮೊದಲಿನ ಆರ್ಟ್ ನೂವೊ ಪೋಸ್ಟರಿನ ದೊಡ್ಡ ಕಾಲ ಅದು. ಅದಕ್ಕೂ ಮೊದಲೇ, 1894ರಲ್ಲಿ, ನಮ್ಮ ಮುಂಬೈಯಲ್ಲಿ ರವಿವರ್ಮ ಪ್ರೆಸ್ ಶುರುವಾಗಿತ್ತು; ಮುಂದೆ ಅದು ಲಕ್ಷ್ಮಿ ಸರಸ್ವತಿಯರನ್ನು ಕಲ್ಲಚ್ಚಿನಲ್ಲಿ ಮನೆಮನೆಗೆ ಕಳಿಸಿತು. ಹೀಗಾಗಿ 1925ರ ಪ್ಯಾರಿಸ್ ಪ್ರದರ್ಶನದ ನಂತರ ಆರ್ಟ್ ಡೆಕೊದ ಸೂರ್ಯಕಿರಣಗಳು ಇಲ್ಲಿಗೆ ಬಂದಾಗ ಯಾರೂ ಬೆಚ್ಚಲಿಲ್ಲ. ಪ್ರಭಾವಳಿ ನೋಡಿ ಬೆಳೆದ ಕಣ್ಣಿಗೆ ಅದು ಹೊಸದಾದರೂ ಪರದೇಶಿಯಲ್ಲ. ದೇವರ ತಲೆಯ ಹಿಂದಿದ್ದುದು ಚಿತ್ರದ ಹೆಸರಿನ ಹಿಂದೆ ಬಂದು ನಿಂತಿತು, ಅಷ್ಟೆ.

ಮುಖದ ಕಡೆಯಿಂದ ಈ ದೇಶಿ-ಪರದೇಶಿ ಬೆಸುಗೆ ಹಾಕಿದವರಲ್ಲಿ ದೊಡ್ಡವರು ನಮ್ಮವರೇ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮದರಾಸಿನಲ್ಲಿ ಕಲಿತು, ಮುಂಬೈಯ ಜೆ.ಜೆ. ಕಲಾಶಾಲೆಗೆ ಬಂದರು. ಮೆಟ್ರೊ ಗೋಲ್ಡ್ವಿನ್ ಮೇಯರ್ ಕಂಪನಿಯ ಚಿತ್ರಗಳಿಗೆ ಷೋಕಾರ್ಡ್ ಬರೆದರು; 'ಫಿಲ್ಮ್‌ಇಂಡಿಯಾ' ಪತ್ರಿಕೆಗೂ ದುಡಿದರು. ಹಾಲಿವುಡ್ಡಿನ ಮಿಂಚನ್ನು ಪುರಾಣದ ಮೈಬಣ್ಣಕ್ಕೆ ಬೆರೆಸುವುದು ಅವರಿಗೆ ಕೈವಶವಾಗಿತ್ತು. ಈಗ ಕಲಬುರಗಿಯಲ್ಲಿ ಅವರ ಹೆಸರಿನ ರಂಗಮಂದಿರವಿದೆ. ಸಲ್ಲಬೇಕಾದದ್ದೇ ಸಂದಿದೆ. ನಿಮ್ಮ ಹೆಸರಿನಲ್ಲಿ ಒಂದು ಗಲ್ಲಿಯೂ ಇಲ್ಲ.

ಇಷ್ಟಕ್ಕೂ ಕಷ್ಟದ ಕೆಲಸ ನಿಮ್ಮದಾಗಿತ್ತು, ಒಂದೇ ಹೆಸರನ್ನು ಬೇರೆ ಬೇರೆ ಲಿಪಿಗಳಲ್ಲಿ ಬರೆಯುವುದು. ರೋಮನ್ ಅಕ್ಷರಕ್ಕೆ ಮಾದರಿಗಳಿದ್ದವು: ವಿದೇಶಿ ಪತ್ರಿಕೆಗಳು, ಹಡಗು ಕಂಪನಿಯ ಜಾಹೀರಾತುಗಳು. ಒಂದು ಗೆರೆ ತೀರಾ ದಪ್ಪ, ಇನ್ನೊಂದು ಕೂದಲೆಳೆ. ಅಡ್ಡಪಟ್ಟಿಯನ್ನು ಎದೆಗೋ ಮೊಣಕಾಲಿಗೋ ಇಟ್ಟರೆ ಡೆಕೊ ಆಗಿಬಿಡುತ್ತದೆ. ಉರ್ದುವಿಗೆ ಕೈಬರಹದ ಕಾತಿಬರ ಪರಂಪರೆಯಿತ್ತು. ನಡುವೆ ಸಿಕ್ಕಿಕೊಂಡದ್ದು ನಾಗರಿ. ನಮ್ಮ ಕನ್ನಡದ ತಲೆಕಟ್ಟು ಅಕ್ಷರಕ್ಕೊಂದರಂತೆ ಬಿಡಿಬಿಡಿ. ನಾಗರಿಯಲ್ಲಿ ಇಡೀ ಪದವೇ ಒಂದು ಶಿರೋರೇಖೆಗೆ ಜೋತುಬಿದ್ದಿರುತ್ತದೆ. ಮೇಲೆ ಮಾತ್ರೆಗಳು, ಕೆಳಗೆ ಉಕಾರ. ಪ್ಯಾರಿಸ್ಸಿನ ಯಾವ ಮಾದರಿಯೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ನೀವು ಮಾಡಿದ್ದೇನು? ಶಿರೋರೇಖೆಯನ್ನು ಹಲಗೆಯಷ್ಟು ದಪ್ಪ ಮಾಡಿದಿರಿ. ಕೆಲವು ಕಡೆ ಅದನ್ನು ಬಿಲ್ಲಿನಂತೆ ಬಗ್ಗಿಸಿದಿರಿ, ಕೆಲವು ಕಡೆ ಪದ ಮುಗಿದರೂ ಗೆರೆ ನಿಲ್ಲಿಸದೆ ಮೇಲ್ ಟ್ರೇನಿನ ಹೊಗೆಯ ಹಾಗೆ ಹಿಂದಕ್ಕೆ ಹರಿಯಬಿಟ್ಟಿರಿ. ಅಕ್ಷರದ ಹೊಟ್ಟೆಯನ್ನು ಕೈವಾರದಿಂದ ಪೂರ್ತಿ ವೃತ್ತ ಮಾಡಿ, ಕಾಲನ್ನು ಚಪ್ಪಟೆಯಾಗಿ ಕತ್ತರಿಸಿದಿರಿ. ಬಲಕ್ಕೊಂದು ನೆರಳು ಕೊಟ್ಟಾಗ ಪದ ಎದ್ದು ನಿಂತ ಕಟ್ಟಡವಾಯಿತು. ಶೋಕಿಗಷ್ಟೇ ಅಲ್ಲ ಇದು. ಟ್ರಾಮಿನಲ್ಲಿ ಹೋಗುವವನು ಓದಬೇಕು, ಕಲ್ಲಚ್ಚಿನಲ್ಲಿ ಬಣ್ಣ ಒಂದು ಕೂದಲೆಳೆ ಸರಿದರೂ ಹೆಸರು ಕೆಡಬಾರದು. ದಪ್ಪ ಅಕ್ಷರ, ಒಂದೇ ಬಣ್ಣ, ಒಂದು ನೆರಳು: ಖರ್ಚೂ ಕಡಿಮೆ.

ಅತ್ತ ಪ್ಯಾರಿಸ್ಸಿನಲ್ಲಿ ಕ್ಯಾಸಾಂದ್ರ್ ಎಂಬ ಕಲಾವಿದ ಪೋಸ್ಟರಿನ ಚಿತ್ರವನ್ನೂ ಅಕ್ಷರವನ್ನೂ ತಾನೇ ಬರೆಯುತ್ತಿದ್ದ. 1929ರಲ್ಲಿ ಅವನು ರಚಿಸಿದ 'ಬಿಫೂರ್' ಅಚ್ಚಕ್ಷರ ಇಂದಿಗೂ ಅವನ ಹೆಸರಿನಲ್ಲೇ ಇದೆ. ಇಲ್ಲಿ ಕೆಲಸ ಹಂಚಿಹೋಯಿತು. ಮುಖ ಒಬ್ಬರದು, ಹೆಸರು ಇನ್ನೊಬ್ಬರದು. ಮರೆವೂ ಹಾಗೆಯೇ ಹಂಚಿಹೋಯಿತು, ನಿಮ್ಮ ಪಾಲು ಹೆಚ್ಚು.

ಈಗ ನಮ್ಮ ಬಾಂದ್ರಾದ ಸಮಾಚಾರ. ಹಿಲ್ ರೋಡಿನಲ್ಲಿ ಮೆಹಬೂಬ್ ಖಾನ್ 1954ರಲ್ಲಿ ತೆರೆದ ಸ್ಟುಡಿಯೊ ಇದೆ. ಚಾಪೆಲ್ ರೋಡಿನ ಗೋಡೆಯ ಮೇಲೆ ಸಿನಿಮಾದ ಅನಾರ್ಕಲಿ ಇದ್ದಾಳೆ. ಅದು 2012ರಲ್ಲಿ ಬಾಲಿವುಡ್ ಆರ್ಟ್ ಪ್ರಾಜೆಕ್ಟ್ ಶುರು ಮಾಡಿದ ರಣಜೀತ್ ದಹಿಯಾ ಅವರ ಕೆಲಸ. ರಿಕ್ಲಮೇಶನ್ ಬಳಿಯ ಎಂಟಿಎನ್‌ಎಲ್ ಕಟ್ಟಡದ ಮೈತುಂಬ ದಾದಾಸಾಹೇಬ್ ಫಾಲ್ಕೆಯವರನ್ನು ಬರೆದವರಲ್ಲಿ ಅವರೂ ಒಬ್ಬರು. ಫ್ಲೆಕ್ಸ್ ಬಂದು ಕೈಕೆಲಸ ನಿಂತ ಮೇಲೆ ಕುಂಚ ಹಿಡಿದು ಗೋಡೆ ಹತ್ತಿದವರ ಬಗ್ಗೆ ನನಗೆ ಗೌರವವಿದೆ. ಆದರೂ ಸೆಲ್ಫಿಗೆ ಬರುವ ಹುಡುಗ ಹುಡುಗಿಯರು ಮುಖದ ಪಕ್ಕ ನಿಲ್ಲುತ್ತಾರೆ. ಅಕ್ಷರದ ಪಕ್ಕ ನಿಂತವರನ್ನು ನಾನು ಕಂಡಿಲ್ಲ.

ನಿಮ್ಮ ಅಕ್ಷರಗಳ ನೆಂಟರು ಇಲ್ಲಿ ಇನ್ನೊಂದು ಕಡೆ ಉಳಿದಿದ್ದಾರೆ, ಹಳೆಯ ಮೂರು ನಾಲ್ಕು ಮಹಡಿಯ ಮನೆಗಳ ಹಣೆಯ ಮೇಲೆ. ಸಿಮೆಂಟಿನಲ್ಲಿ ಉಬ್ಬಿಸಿದ ಕಟ್ಟಡದ ಹೆಸರು, ಗೇಟಿನ ಕಬ್ಬಿಣದಲ್ಲಿ ಕಿರಣಗಳು, ಮೆಟ್ಟಿಲ ಬಳಿ ಹಡಗಿನ ಕಿಟಕಿಯಂಥ ದುಂಡು ಕಿಂಡಿ. ಪೋಸ್ಟರ್ ಯಾವುದು, ಮನೆ ಯಾವುದು ಎಂದು ಬಿಡಿಸಿ ಹೇಳಲಾಗದಷ್ಟು ಒಂದೇ ಕೈ. 2018ರಲ್ಲಿ ಯುನೆಸ್ಕೊ ಮುಂಬೈಯ ಡೆಕೊಗೆ ವಿಶ್ವ ಪರಂಪರೆಯ ಮನ್ನಣೆ ಕೊಟ್ಟಾಗ ಅದರ ಗಡಿ ಓವಲ್ ಮೈದಾನ, ಮರೀನ್ ಡ್ರೈವುಗಳಿಗೇ ನಿಂತಿತು. ಬಾಂದ್ರಾ ಹೊರಗೇ ಉಳಿಯಿತು. ಇಲ್ಲಿ ರಿಡೆವಲಪ್‌ಮೆಂಟ್‌ನ ಕಾಲ. ಹೊಸ ಗೋಪುರಕ್ಕೆ ಹಳೆಯ ಹೆಸರು ಇಡುವುದುಂಟು, ಬರೆಯುವುದು ಕಂಪ್ಯೂಟರಿನಲ್ಲಿ ಸಿಕ್ಕಿದ ಫಾಂಟಿನಲ್ಲಿ. ಸ್ಟೀಲಿನಲ್ಲಿ ಕತ್ತರಿಸಿದ ಆ ಅಕ್ಷರಗಳು ಆಸ್ಪತ್ರೆಗೂ ಆದಾವು, ಬ್ಯಾಂಕಿಗೂ ಆದಾವು.

ನಿಮ್ಮನ್ನು ಹುಡುಕುವ ಹೊತ್ತು ಮೀರಿತು, ಸಾಹೇಬರೇ. ಇನ್ನು ಮುಂದಿನ ಮಾತು ನಿಮಗಲ್ಲ, ಈ ಪತ್ರವನ್ನು ನಿಮ್ಮ ಪರವಾಗಿ ಓದುತ್ತಿರುವವರಿಗೆ. ಬಾಂದ್ರಾದಲ್ಲೋ ಮಾಟುಂಗಾದಲ್ಲೋ ನಿಮ್ಮ ಸೊಸೈಟಿ ಕೆಡವಲು ಒಪ್ಪಿಗೆ ಕೊಟ್ಟಿದ್ದರೆ, ಬಿಲ್ಡರನ ಜನ ಬರುವ ಮೊದಲು ಕಟ್ಟಡದ ಹೆಸರಿನ ಎದುರು ನೇರವಾಗಿ ನಿಂತು ಫೋಟೊ ತೆಗೆಯಿರಿ, ಪಕ್ಕದಲ್ಲಿ ಅಳತೆಯ ಟೇಪು ಹಿಡಿಯಿರಿ. ಕೈಗೆಟುಕಿದರೆ ಕಾಗದ ಒತ್ತಿ ಪೆನ್ಸಿಲಿನಿಂದ ಅಚ್ಚು ತೆಗೆದುಕೊಳ್ಳಿ. ಟ್ರಂಕಿನಲ್ಲಿ ಹಳೆಯ ಸಿನಿಮಾ ಪೋಸ್ಟರೋ ಹಾಡಿನ ಪುಸ್ತಕವೋ ಇದ್ದರೆ, ನಟಿಯ ಮುಖ ಕತ್ತರಿಸಿ ಚೌಕಟ್ಟು ಹಾಕಿಸಬೇಡಿ. ಹೆಸರೂ ಇರಲಿ.

ಇಂತಿ,
ನಿಮ್ಮ ಬರಹವನ್ನು ಈಗಲೂ ಓದುತ್ತಿರುವ ಒಬ್ಬ ಕನ್ನಡಿಗ